ಕಷ್ಟಕಾಲಕ್ಕೆ ಬೇರೊಬ್ಬ ದೇವರುಂಟೆ?



ಕೊರಳಲ್ಲಿ ಇಷ್ಟಲಿಂಗ, ರಟ್ಟೆಯಲ್ಲಿ ತಾಯಿತ. ಇವೆರಡನ್ನೂ ಒಂದೇ ಮೈಮೇಲೆ ಕಾಣುವುದು ಇಂದು ನಮಗೆ ಆಶ್ಚರ್ಯದ ಸಂಗತಿಯಾಗಿ ಉಳಿದಿಲ್ಲ. ಕಂಡೂ ಕಾಣದವರಂತೆ ಇರುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ. ಸುಖದ ದಿನಗಳಿಗೆ ಒಬ್ಬ ದೇವರು, ಕಷ್ಟದ ದಿನಗಳಿಗೆ ಮತ್ತೊಬ್ಬ ದೇವರು ಎಂಬ ಈ ವಿಲಕ್ಷಣವಾದ ಏರ್ಪಾಡನ್ನು ಯಾವ ಶರಣರು ನಮಗೆ ಉಪದೇಶಿಸಿದರು? ಇದನ್ನು ಕೇಳುವ ಧೈರ್ಯ ಮಾಡಿದ್ದೇನೆ. ಕಟುವಾಗಿ ಕಂಡರೆ ವಾಚಕರು ಮನ್ನಿಸಬೇಕು.

2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರವು ಬರಪೀಡಿತವೆಂದು ಸಾರಿದ ಆ ವರ್ಷ, ನನ್ನ ಸಹಪಾಠಿಯೊಬ್ಬರ ಮನೆಗೆ ಹೋಗಿದ್ದೆ. ಮಠದ ಪ್ರಸಾದನಿಲಯದಲ್ಲಿ ಆರು ವರ್ಷ ನನ್ನ ಮಗ್ಗುಲಲ್ಲೇ ಕುಳಿತು ಪ್ರಾತಃಕಾಲ ಶಿವಪೂಜೆ ಮಾಡಿದವರು ಅವರು. ತೆಂಗಿನಕಾಯಿಯನ್ನು ಅಂಗೈಯಲ್ಲಿಟ್ಟುಕೊಂಡು ಹೊಲದಲ್ಲಿ ನಡೆದು ನೀರಿನ ನೆಲೆ ತೋರಿಸುವವನ ಮಾತು ನಂಬಿ ಮೂರು ಕೊಳವೆಬಾವಿ ಕೊರೆಯಿಸಿದ್ದರು. ಮೂರರಲ್ಲೂ ಧೂಳು ಬಂತು. ಅನಂತರ ಇನ್ನೊಬ್ಬನ ಮಾತಿನಂತೆ ಮನೆಯ ತಲೆಬಾಗಿಲನ್ನು ಕಿತ್ತು ಪೂರ್ವಕ್ಕೆ ಇಡಿಸಿದ್ದರು. ಮತ್ತೊಬ್ಬನು ಜಾತಕ ನೋಡಿ ಕಾಳಸರ್ಪದೋಷವೆಂದು ಹೇಳಿ ದೂರದ ಕ್ಷೇತ್ರವೊಂದಕ್ಕೆ ಕಳುಹಿಸಿದ್ದನು. ಬಾಗಿಲಿಗೂ ಸರ್ಪಕ್ಕೂ ತಗುಲಿದ ಹಣ ನಾಲ್ಕನೆಯ ಕೊಳವೆಬಾವಿಗೆ ಸಾಲುತ್ತಿತ್ತೆಂದು ಅವರ ಮನೆಯವರು ಒಳಗಿನಿಂದ ಹೇಳಿದರು. ಕರಡಿಗೆಯು ಪಡಸಾಲೆಯ ಗೂಟಕ್ಕೆ ತೂಗುಬಿದ್ದಿತ್ತು. ನಾನು ಅದರ ಕಡೆ ನೋಡುವುದನ್ನು ಕಂಡು ಅವರೇ ಮಾತು ತೆಗೆದರು: "ಇಷ್ಟ ವರ್ಷ ಪೂಜಿ ಮಾಡಿ ಏನ ಬಂತಪಾ? ನೀನ ಹೇಳು."

ಅಂದು ನಾನು ಉತ್ತರ ಕೊಡಲಿಲ್ಲ. ಮೂರು ಕೊಳವೆಬಾವಿಗಳ ಸಾಲ ಹೊತ್ತವನಿಗೆ ಚಹ ಕುಡಿಯುತ್ತ ಧರ್ಮೋಪದೇಶ ಮಾಡುವುದು ಮನುಷ್ಯತ್ವವಲ್ಲ. ಆದರೆ ಆ ಪ್ರಶ್ನೆ ಊರಿಗೆ ಹಿಂದಿರುಗುವವರೆಗೂ ನನ್ನನ್ನು ಬಿಡಲಿಲ್ಲ. 'ಏನು ಬಂತು' ಎಂಬ ಮಾತನ್ನು ಅವರು ಎಲ್ಲಿ ಕಲಿತರು? ವಿಚಾರ ಮಾಡಿದಂತೆಲ್ಲ ನನಗೆ ತಿಳಿದುದು ಇದು: ಅವರಿಗೆ ಅದನ್ನು ಕಲಿಸಿದವರು ನಾವೇ. ಲಿಂಗಪೂಜೆ ಮಾಡಿದರೆ ಮನೆಯಲ್ಲಿ ಸಂಪತ್ತು ನೆಲಸುತ್ತದೆ, ಮಕ್ಕಳಿಗೆ ನೌಕರಿ ದೊರೆಯುತ್ತದೆ, ರೋಗರುಜಿನಗಳು ಸುಳಿಯುವುದಿಲ್ಲ ಎಂದು ವೇದಿಕೆಗಳ ಮೇಲೆ ನಿಂತು ಹೇಳಿದವರು ಯಾರು? ಹಾಗೆ ಬರೆದವರು ಯಾರು? (ಇಂಥ ನಾಲ್ಕು ಲೇಖನಗಳನ್ನು ನನ್ನ ಪ್ರಾಯದಲ್ಲಿ ನಾನೂ ಬರೆದಿದ್ದೇನೆ. ಅವು ಈಗ ಯಾರ ಕೈಗೂ ಸಿಗದಿರಲಿ.) ಫಲದ ಆಸೆ ತೋರಿಸಿ ಭಕ್ತಿಯನ್ನು ಬಿತ್ತಿದವರು, ಫಲ ಬಾರದ ವರ್ಷ ಭಕ್ತನು ಲೆಕ್ಕ ಕೇಳಿದರೆ ಅವನ ಮೇಲೆ ಸಿಟ್ಟಾಗುವ ಅಧಿಕಾರ ಉಳ್ಳವರಲ್ಲ.

ನಮ್ಮ ಷಟ್‌ಸ್ಥಲಗಳ ಕ್ರಮವನ್ನು ಒಮ್ಮೆ ನೆನೆಯಿರಿ. ಪ್ರಸಾದನಿಲಯದಲ್ಲಿ ಬಾಯಿಪಾಠ ಮಾಡಿದವರಿಗೆ ಅದು ಮರೆತಿರಲಾರದು. ಭಕ್ತಸ್ಥಲದ ಭಕ್ತಿ ಶ್ರದ್ಧಾಭಕ್ತಿ. ಎರಡನೆಯದಾದ ಮಾಹೇಶ್ವರಸ್ಥಲದ ಭಕ್ತಿ ನಿಷ್ಠಾಭಕ್ತಿ. ಇವೆರಡನ್ನೂ ಒಂದೇ ಅರ್ಥದ ಎರಡು ಶಬ್ದಗಳೆಂದು ತಿಳಿದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನಮ್ಮಲ್ಲಿ ಅನೇಕರು. ನಮ್ಮ ಹಿರಿಯರು ಎರಡಕ್ಕೂ ನಡುವೆ ಒಂದು ಮೆಟ್ಟಿಲನ್ನೇ ಇಟ್ಟಿದ್ದಾರೆ. ಏಕೆ? ಶ್ರದ್ಧೆಯು ಹೊಲ ಹಸುರಾಗಿರುವಾಗಲೂ ಹುಟ್ಟಬಲ್ಲದು. ಗುರು ಅಂಗೈಗೆ ಲಿಂಗವನ್ನಿತ್ತ ದಿನ, ಮನೆಯವರೆಲ್ಲ ಹೊಸ ಬಟ್ಟೆ ತೊಟ್ಟು ನಿಂತ ದಿನ, ಯಾರಿಗೆ ಶ್ರದ್ಧೆ ಹುಟ್ಟದು? ನಿಷ್ಠೆಯಾದರೋ ಹಾಗಲ್ಲ. ಅದು ಇದೆಯೋ ಇಲ್ಲವೋ ಎಂಬುದು ತಿಳಿಯಬೇಕಾದರೆ ಅದನ್ನು ಬಿಡುವುದಕ್ಕೆ ಒಂದು ಕಾರಣ ಒದಗಿಬರಬೇಕು. ಒಳ್ಳೆಯ, ಲೋಕವು ಒಪ್ಪುವಂಥ ಕಾರಣವೇ ಬರಬೇಕು. ಕೊಳವೆಬಾವಿ ಬತ್ತಬೇಕು, ವ್ಯಾಪಾರ ಮುಳುಗಬೇಕು, ಮಗು ಜ್ವರದಿಂದ ಮಲಗಬೇಕು. ಆ ದಿನ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಅದೇ ಲಿಂಗವನ್ನು ಅದೇ ಅಂಗೈಯಲ್ಲಿ ಇಟ್ಟುಕೊಂಡು ಕುಳಿತವನಿಗೆ ಮಾತ್ರ ಎರಡನೆಯ ಸ್ಥಲದ ಬಾಗಿಲು ತೆರೆಯುತ್ತದೆ. ನಾವು ಜೀವಮಾನವೆಲ್ಲ ಮೊದಲನೆಯ ಮೆಟ್ಟಿಲಲ್ಲೇ ನಿಂತು ಐಕ್ಯಸ್ಥಲದ ಮೇಲೆ ಉಪನ್ಯಾಸ ಕೊಡುತ್ತಿದ್ದೇವೆ.

ಹರಕೆಯ ವಿಷಯ ನೋಡಿರಿ. 'ನನ್ನ ಕೆಲಸವಾದರೆ ನಿನಗೆ ಇಂತಿಷ್ಟು' ಎಂಬುದು ಪ್ರಾರ್ಥನೆಯ ವೇಷ ತೊಟ್ಟ ಕರಾರು. ಕರಾರಿನಲ್ಲಿ ಎರಡು ಪಕ್ಷಗಳು ಸಮಾನವಾಗಿರುತ್ತವೆ. ಒಂದು ಪಕ್ಷ ತಪ್ಪಿದರೆ ಇನ್ನೊಂದು ಪಕ್ಷಕ್ಕೆ ಬಿಡುಗಡೆ. ಹೀಗೆ ಶಿವನನ್ನು ಸಂತೆಯ ವ್ಯಾಪಾರಿಯಾಗಿ ಎದುರು ಕೂಡಿಸಿಕೊಂಡವನು, ಇಲ್ಲಿ ದರ ಹೊಂದದಿದ್ದರೆ ಮುಂದಿನ ಅಂಗಡಿಗೆ ಹೋಗುವುದು ಸ್ವಾಭಾವಿಕವೇ ಆಗಿದೆ. ಹನ್ನೆರಡನೆಯ ಶತಮಾನದ ಶರಣರು ಏಕದೇವನಿಷ್ಠೆಯನ್ನು ಅಷ್ಟು ಉಗ್ರವಾಗಿ ಏಕೆ ಸಾರಿದರು, ತಿಥಿ ವಾರ ನಕ್ಷತ್ರಗಳ ಗೊಡವೆಯನ್ನು ಅಷ್ಟು ನಿಷ್ಠುರವಾಗಿ ಏಕೆ ತಳ್ಳಿಹಾಕಿದರು ಎಂಬುದು ಇಲ್ಲಿ ಅರ್ಥವಾಗುತ್ತದೆ. ಬೇರೆ ದೇವರುಗಳ ಮೇಲಿನ ದ್ವೇಷವನ್ನು ಅದರಲ್ಲಿ ಹುಡುಕಬೇಕಾಗಿಲ್ಲ. ಹೆದರಿದ ಮನುಷ್ಯನನ್ನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಟ್ಟಿ, ಪ್ರತಿಯೊಂದು ಬಾಗಿಲಲ್ಲೂ ಅವನ ಗಂಟನ್ನು ಬಿಚ್ಚಿಸುವ ವ್ಯವಸ್ಥೆಯನ್ನು ಅವರು ಕಣ್ಣಾರೆ ಕಂಡಿದ್ದರು. ಆ ವ್ಯವಸ್ಥೆ ಅಳಿಯಿತೆಂದು ನಾವು ತಿಳಿದಿದ್ದೆವು. ಅದು ಈಗ ದೂರದರ್ಶನದ ವಾಹಿನಿಗಳಲ್ಲಿ ಬೆಳಗಿನ ಹೊತ್ತು, ನಾವು ಪೂಜೆಗೆ ಕುಳಿತುಕೊಳ್ಳಬೇಕಾದ ಹೊತ್ತಿನಲ್ಲಿಯೇ, ನಮ್ಮ ನಡುಮನೆಗೆ ಬಂದು ಕುಳಿತಿದೆ.

ಹಾಗಾದರೆ ಶಿವನಲ್ಲಿ ಏನನ್ನೂ ಬೇಡಬಾರದೆ ಎಂದು ಕೇಳುವವರುಂಟು. ಬೇಡಿರಿ, ಅಳಿರಿ, ಜಗಳವಾಡಿರಿ. ಶರಣರೂ ತಮ್ಮ ದೈವದೊಡನೆ ಜಗಳವಾಡಿದವರೇ. ಮಗುವಿನ ಜ್ವರ ಇಳಿಯಲಿ ಎಂದು ನಡುರಾತ್ರಿಯಲ್ಲಿ ಯಾವುದೋ ದಾರವನ್ನು ತಂದು ಕಟ್ಟಿದ ತಾಯಿಯ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಆ ದಾರವನ್ನು ಮಾರಿದವನ ಮೇಲೆ ಇದೆ. ಅವಳು ಆ ಹೊತ್ತಿನಲ್ಲಿ ಬಂದು ತಟ್ಟಬಹುದಾಗಿದ್ದ ನಮ್ಮ ಬಾಗಿಲು ಮುಚ್ಚಿತ್ತೆಂಬುದರ ಮೇಲೆ ಇನ್ನೂ ಹೆಚ್ಚಾಗಿ ಇದೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಜಾತ್ರೆಯ ನಾಟಕಗಳಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದೇವೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದ ದಾಸೋಹ ನಡೆಸುವುದು ಆ ದಂಪತಿಗಳ ವ್ರತ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಾದುದನ್ನು ತಂದ ಸ್ಥಳಕ್ಕೇ ಹಿಂದಿರುಗಿಸಿ ಬಾ ಎಂದಳು. ಇದನ್ನು ಬಡವರ ಸ್ವಾಭಿಮಾನದ ಕಥೆಯೆಂದು ನಾವು ಹೇಳಿ ಮುಗಿಸುತ್ತೇವೆ. ಸ್ವಲ್ಪ ನಿಂತು ನೋಡಬೇಕು. ಅವರ ಮನೆಯಲ್ಲಿ ಕಣಜವಿರಲಿಲ್ಲ. ನಾಳೆಯ ಅಕ್ಕಿ ನಾಳೆಯ ಅಂಗಳದಲ್ಲಿತ್ತು. ಅಂಥ ಮನೆಗೆ ಎರಡು ದಿನದ ಅಕ್ಕಿ ಒಟ್ಟಿಗೆ ಬಂದರೆ ಅದು ದೇವರ ಕೃಪೆಯೆಂದೇ ನಾವಾದರೆ ಹೇಳುತ್ತಿದ್ದೆವು, ತೆಂಗಿನಕಾಯಿ ಒಡೆಯುತ್ತಿದ್ದೆವು. ಲಕ್ಕಮ್ಮನಿಗೆ ಅದು ಪರೀಕ್ಷೆಯಾಗಿ ಕಂಡಿತು. ಇಂದು ಹೆಚ್ಚಾಗಿ ಕೂಡಿಟ್ಟುಕೊಳ್ಳುವ ಕೈ, ನಾಳೆ ಶಿವನು ಇರುವನೋ ಇಲ್ಲವೋ ಎಂಬ ಸಂಶಯದ ಕೈ. ಕೊರತೆಯಲ್ಲಿ ದೃಢವಾಗಿರುವುದಷ್ಟೇ ಅವಳ ನಿಷ್ಠೆಯಾಗಿರಲಿಲ್ಲ. ಕೊರತೆಯು ತೀರುವಂತೆ ಕಂಡ ಗಳಿಗೆಯಲ್ಲೂ ಅವಳು ಅಲುಗಲಿಲ್ಲ. ಇದು ಹೆಚ್ಚು ಕಠಿಣ. ಹಸಿವಿನಲ್ಲಿ ನಿಯಮ ಪಾಲಿಸಿ, ಹಣದ ಮೊದಲ ವಾಸನೆಗೆ ನಿಯಮ ಮುರಿದವರನ್ನು ನಾವೆಲ್ಲರೂ ಬಲ್ಲೆವು.

ನುಲಿಯ ಚಂದಯ್ಯನ ಕಥೆ ಇನ್ನೂ ಬೆರಗಿನದು. ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತೆಂದೂ, ಅವನು ಕಾಯಕವನ್ನು ಬಿಟ್ಟು ಅದರ ಹಿಂದೆ ಹೋಗಲಿಲ್ಲವೆಂದೂ, ಲಿಂಗವೇ ಅವನ ಹಿಂದೆ ಬಂದಿತೆಂದೂ ನಮ್ಮ ಪುರಾತನರು ಹೇಳುತ್ತಾರೆ. ಇದನ್ನು ಓದಿದಾಗಲೆಲ್ಲ ನನಗೆ ಅನಿಸುವುದು: ಶಿವನಿಗೆ ವಿಧೇಯನಾಗಿರುವುದೆಂದರೆ ಶಿವನು ಒಪ್ಪಿಸಿದ ಕೆಲಸವನ್ನು, ಅವನೇ ಕೈಬಿಟ್ಟು ಹೋದಂತೆ ಕಂಡ ಹೊತ್ತಿನಲ್ಲೂ, ಕೆಳಗೆ ಇಡದಿರುವುದು.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಗುಂಪಿನವರು ಎದ್ದು, 'ಹೌದು, ಎಲ್ಲವೂ ಶಿವನ ಇಚ್ಛೆ. ಬಂದುದನ್ನೆಲ್ಲ ಪ್ರಸಾದವೆಂದು ಸ್ವೀಕರಿಸಿ ಸುಮ್ಮನಿರಬೇಕು' ಎಂದು ತಲೆದೂಗುವರು. ಇವರೊಡನೆ ನನ್ನ ಜಗಳ ಮೊದಲಿನವರೊಡನೆ ಇರುವುದಕ್ಕಿಂತ ದೊಡ್ಡದು. ಪ್ರಸಾದಿಸ್ಥಲದ ಭಕ್ತಿಯನ್ನು ಅವಧಾನಭಕ್ತಿ ಎಂದಿದ್ದಾರೆ, ಅವಧಾನವೆಂದರೆ ಎಚ್ಚರ. ಏನನ್ನು ಸ್ವೀಕರಿಸುತ್ತಿದ್ದೇನೆ, ಅದು ಯಾರ ಕೈಯಿಂದ ಬಂದಿತು ಎಂಬುದನ್ನು ವಿಚಾರಿಸುವ ಎಚ್ಚರ. ಕಣ್ಣು ಮುಚ್ಚಿ ನುಂಗುವವನನ್ನು ಪ್ರಸಾದಿ ಎನ್ನಲಾಗದು.

ನಮ್ಮ ಅಜ್ಜಂದಿರ ಅಜ್ಜಂದಿರು ಕಂಡ ಧಾತು ಈಶ್ವರ ಸಂವತ್ಸರಗಳ ಬರವನ್ನೇ ತೆಗೆದುಕೊಳ್ಳಿರಿ. 1876ರಿಂದ 1878ರವರೆಗೆ ಹಬ್ಬಿದ ಆ ಕ್ಷಾಮದ ಪರಿಣಾಮ ಜನಗಣತಿಯ ಪುಸ್ತಕಗಳಲ್ಲಿ ಇಂದಿಗೂ ಉಂಟು. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಬಾರದುದು ಶಿವನ ಇಚ್ಛೆಯೆಂದು ಬೇಕಾದರೆ ಹೇಳಿರಿ. ಆ ಗಹನವಾದ ವಿಷಯದಲ್ಲಿ ನಾನು ವಾದಿಸಲಾರೆ. ಆದರೆ ಅದೇ ವರ್ಷಗಳಲ್ಲಿ ಈ ದೇಶದ ಗೋಧಿಯು ಹಡಗುಗಳನ್ನೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ನಮ್ಮ ಬಳ್ಳಾರಿ ಸೀಮೆ ಸೇರಿದ್ದ ಮದರಾಸು ಪ್ರಾಂತದಲ್ಲಿ, ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ್ದನು. ಇದೂ ಶಿವನ ಇಚ್ಛೆಯೆ? ಆ ಒಂದು ಪೌಂಡನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬೇಕಾಗಿತ್ತೆ? ಮೋಡವನ್ನು ಕಟ್ಟಿದವನು ಯಾರೇ ಇರಲಿ, ಕಣಜಕ್ಕೆ ಬೀಗ ಹಾಕಿದವನು ಮನುಷ್ಯ. ಮನುಷ್ಯನು ಮಾಡಿದ ಅನ್ಯಾಯವನ್ನು ಶಿವನ ಹೆಸರಿಗೆ ಖರ್ಚು ಬರೆಯುವುದಕ್ಕಿಂತ ದೊಡ್ಡ ಶಿವನಿಂದೆ ಯಾವುದಿದೆಯೋ ನಾನರಿಯೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ತೆಗೆದುಕೊಳ್ಳುವ ಸಾಹುಕಾರನು (ಅವನ ಹಣೆಯಲ್ಲೂ ಮೂರು ಬೆರಳ ವಿಭೂತಿ ಇರುತ್ತದೆ) 'ಕರ್ಮ ಯಾರಿಗೂ ಬಿಟ್ಟಿದ್ದಲ್ಲ' ಎಂದು ಸಾಲಗಾರನಿಗೆ ಸಮಾಧಾನ ಹೇಳುವುದನ್ನು ಕಿವಿಯಾರೆ ಕೇಳಿದ್ದೇನೆ.

ಕಲ್ಯಾಣದ ಕಡೆಯ ದಿನಗಳನ್ನು ಸ್ಮರಿಸೋಣ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾಯಿತು. ಅರಸನಿಂದ ಘೋರವಾದ ಶಿಕ್ಷೆ ಬಂದಿತು. ಇಬ್ಬರು ತಂದೆಯರೂ ಎಳೆಹೂಟೆಗೆ ಗುರಿಯಾದರು. ಸುಮ್ಮನಿರುವುದೇ ವಿಧೇಯತೆಯಾಗಿದ್ದರೆ ಆ ಲಗ್ನವೇ ನಡೆಯಬೇಕಾಗಿರಲಿಲ್ಲ. ಜಾತಿಯ ಕಟ್ಟಳೆಯನ್ನು ಶಿವನ ಇಚ್ಛೆಯೆಂದು ಒಪ್ಪಿಕೊಂಡು ಎಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಪೂಜೆ ಮಾಡಿಕೊಂಡಿರಬಹುದಾಗಿತ್ತು. ಶಿವನಿಗೆ ವಿಧೇಯರಾದ ಕಾರಣದಿಂದಲೇ ಅವರು ಬಿಜ್ಜಳನಿಗೆ ಅವಿಧೇಯರಾದರು. ಅನಂತರ ಚೆನ್ನಬಸವಣ್ಣನವರೊಡನೆ ಉಳವಿಯ ಕಡೆಗೆ ಅಡವಿಯ ದಾರಿ ಹಿಡಿದವರು ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು, ಹೊತ್ತ ಗಂಟಿನಲ್ಲಿ ವಚನಗಳ ಕಟ್ಟುಗಳನ್ನು ಇಟ್ಟುಕೊಂಡಿದ್ದರೆಂದು ಪರಂಪರೆ ಹೇಳುತ್ತದೆ. ಬೆನ್ನಟ್ಟಿ ಬರುವವರಿದ್ದಾಗ ಗಂಟಿನಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಎಸೆಯಬೇಕು ಎಂಬುದನ್ನು ನಿರ್ಧರಿಸಿದ ಆ ಗಳಿಗೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಓಲೆಯ ಕಟ್ಟಿನಿಂದ ಹೊಟ್ಟೆ ತುಂಬುವುದಿಲ್ಲ.

ಆ ಓಲೆಗಳನ್ನು ಏಳು ಶತಮಾನಗಳ ಮೇಲೆ ಮನೆ ಮನೆ ತಿರುಗಿ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರ ಹೆಸರನ್ನು ಇಲ್ಲಿ ಬಿಡಲಾಗದು. ವಿಜಯಪುರದಲ್ಲಿ ವಕೀಲರಾಗಿ ಸುಖವಾಗಿರಬಹುದಾಗಿದ್ದ ಆ ಪುಣ್ಯಾತ್ಮರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು; ಇದ್ದ ಮನೆಯನ್ನು ಮಾರಿ ಮುದ್ರಣಾಲಯ ಕಟ್ಟಿದರು; 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಈ ಪತ್ರಿಕೆಯಂಥ ಪತ್ರಿಕೆಗಳಿಗೆಲ್ಲ ಅದು ಹಿರಿಯಣ್ಣ. 1964ರಲ್ಲಿ ಲಿಂಗೈಕ್ಯರಾಗುವವರೆಗೆ ಬಡತನ ಅವರನ್ನು ಬಿಡಲಿಲ್ಲ. ಹಳೆಯ ಕೋಟಿನ ಹರಕನ್ನು ಮುಚ್ಚಿಕೊಂಡು ಸಭೆಗಳಿಗೆ ಬರುತ್ತಿದ್ದರೆಂದು ಕಂಡವರು ಹೇಳುತ್ತಿದ್ದರು. 'ಏನು ಬಂತು' ಎಂದು ಅವರನ್ನು ಯಾರಾದರೂ ಕೇಳಿದ್ದರೆ, ಮುಂದಿನ ಸಂಚಿಕೆಯ ಕರಡಚ್ಚು ಬಂತು ಎಂದು ಹೇಳಿ ಅದನ್ನು ತಿದ್ದುವುದಕ್ಕೆ ಕುಳಿತಿರುತ್ತಿದ್ದರೇನೋ.

ಇನ್ನು ನಮ್ಮ ಮಠಗಳ ಮಾತು. ಮಠದ ಅನ್ನ ಉಂಡು ಬೆಳೆದವನು ನಾನು. ಆ ಋಣದ ಅರಿವಿನಿಂದಲೇ ಹೇಳುತ್ತಿದ್ದೇನೆ. ಊರೆಲ್ಲ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುತ್ತಿರುವ ವರ್ಷದಲ್ಲಿ ಜೆಸಿಬಿ ಯಂತ್ರದಿಂದ ಹೂವಿನ ರಾಶಿ ಸುರಿಸಿ, ಆಳೆತ್ತರದ ಹಾರಗಳನ್ನು ಎತ್ತಿ ಗುರುಗಳನ್ನು ಬರಮಾಡಿಕೊಳ್ಳುವುದು ಯಾವ ಭಕ್ತಿ? ಹೂ ಸುರಿಸಿದವರು ಭಕ್ತರೇ, ಮಠದವರಲ್ಲ ಎಂದು ಸಮರ್ಥಿಸುವವರಿದ್ದಾರೆ. 'ಬೇಡ' ಎಂಬ ಎರಡಕ್ಷರದ ಅಪ್ಪಣೆ ಗುರುವಿನ ಬಾಯಿಂದ ಬಂದರೆ ಮೀರುವ ಭಕ್ತನು ಯಾರು? 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ತಮ್ಮ ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳ ಅನ್ನಕ್ಕಾಗಿ ಹಳ್ಳಿ ಹಳ್ಳಿಗೆ ಭಿಕ್ಷೆಗೆ ಹೋಗಿ ಧಾನ್ಯ ತಂದವರು. ಸಾವಿರಾರು ಮಕ್ಕಳ ಒಲೆ ಉರಿದುದು ಹೂವಿನ ಮಳೆಯಿಂದಲ್ಲ, ಆ ಕಾಲ್ನಡಿಗೆಯ ಧೂಳಿನಿಂದ.

ಮತ್ತೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಸಾಲಕ್ಕೆ ಅಂಜಿ ಪ್ರಾಣ ಬಿಟ್ಟ ರೈತನ ಮನೆಗೆ ಹೋಗಿ, 'ಅವನಿಗೆ ನಿಷ್ಠೆ ಸಾಲದೆ ಹೋಯಿತು, ಶಿವನ ಮೇಲೆ ಭಾರ ಹಾಕಬೇಕಾಗಿತ್ತು' ಎಂದು ನುಡಿಯುವವರನ್ನು ಕಂಡಿದ್ದೇನೆ. ಆ ನಾಲಗೆಗಳು ತುಸು ಹೊತ್ತು ಮೌನ ಹಿಡಿಯಲಿ. ಶಿವನ ಮೇಲೆ ಭಾರ ಹಾಕುವುದೆಂದರೆ ನಮ್ಮ ಧರ್ಮದಲ್ಲಿ ಯಾರ ಮೇಲೆ ಹಾಕಿದಂತೆ? ಲಿಂಗಕ್ಕೆ ಬಾಯಿ ಜಂಗಮ ಎನ್ನುತ್ತೇವೆ. ಹಾಗೆಯೇ ಅದಕ್ಕೆ ಹೆಗಲೂ ಇರಬೇಕಲ್ಲವೆ? ಆ ಹೆಗಲು ನಾವು: ಮಠ, ಹಳೆಯ ವಿದ್ಯಾರ್ಥಿಗಳ ಸಂಘ, ಓಣಿಯ ಉಳ್ಳವರು, ಸಹಕಾರಿ ಸಂಘದ ನಿರ್ದೇಶಕ ಮಂಡಳಿಯಲ್ಲಿ ಕುಳಿತ ನಮ್ಮವರು. ಅವನು ಭಾರ ಹಾಕಲು ಬಂದಾಗ ಹೆಗಲು ಸರಿದುಕೊಂಡಿತು. ದಾಸೋಹ ಸೋತ ಊರಿನಲ್ಲಿ ಒಬ್ಬ ಹಸಿದವನ ಭಕ್ತಿಯನ್ನು ಅಳೆಯಲು ಕೂರುವುದು ಅಧರ್ಮ. ನನ್ನ ಆ ಸಹಪಾಠಿಯ ಮನೆಗೆ ಮರುವಾರ ನಾವು ನಾಲ್ವರು ಹಳೆಯ ವಿದ್ಯಾರ್ಥಿಗಳು ಹೋದೆವು. ಉಪದೇಶ ಮಾಡಲಿಲ್ಲ. ಸಾಲದ ಕಾಗದಗಳನ್ನು ಮುಂದಿಟ್ಟುಕೊಂಡು ಎರಡು ದಿನ ಕುಳಿತೆವು. ಕರಡಿಗೆ ಗೂಟದಿಂದ ಇಳಿಯಿತೋ ಇಲ್ಲವೋ ಎಂಬುದನ್ನು ನಾವು ಇದುವರೆಗೂ ಕೇಳಿಲ್ಲ, ಕೇಳುವುದೂ ಇಲ್ಲ.

1972ರ ಬರದ ಕಾಲಕ್ಕೆ ನಾನು ಪ್ರಸಾದನಿಲಯದಲ್ಲಿ ಚಿಕ್ಕ ಹುಡುಗ. ಹೊರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿ, ನೀರಿನಂಥ ಸಾರು, ಅದೂ ದಿನಕ್ಕೆ ಎರಡೇ ಹೊತ್ತು. ಸಮೀಪದ ಹಳ್ಳಿಯ ಒಬ್ಬ ವೃದ್ಧ ಒಕ್ಕಲಿಗರು ಸೋಮವಾರಕ್ಕೊಮ್ಮೆ ನಡೆದು ಬಂದು ದಾಸೋಹಕ್ಕೆ ಎರಡು ಸೇರು ಜೋಳ ಅಳೆದುಕೊಟ್ಟು ಹೋಗುವ ವಾಡಿಕೆ ಇಟ್ಟುಕೊಂಡಿದ್ದರು. ಆ ವರ್ಷ ಶ್ರಾವಣದ ಒಂದು ಸೋಮವಾರ ಅವರು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ತಂದುದು ಅರ್ಧ ಸೇರು. ಉಗ್ರಾಣದ ಅಯ್ಯನವರು ಎದ್ದು ನಿಂತು, "ಯಜಮಾನ್ರ, ಈ ವರ್ಷ ಬ್ಯಾಡ್ರಿ. ಮನ್ಯಾಗ ಮೊಮ್ಮಕ್ಕಳದಾವ" ಎಂದರು. ಮುದುಕರು ಸೆರಗು ಬಿಚ್ಚುತ್ತಲೇ, "ಮಳಿ ತಪ್ಪೇತ್ರಿ ಅಯ್ಯನೋರ, ಸೋಮವಾರ ತಪ್ಪಿಲ್ಲಲ್ರಿ" ಎಂದರು. ಅಯ್ಯನವರು ಮರುಮಾತಾಡದೆ ಅಳೆದುಕೊಂಡು ದಾಸೋಹದ ಪುಸ್ತಕದಲ್ಲಿ ಅರ್ಧ ಸೇರೆಂದು ಬರೆದುಕೊಂಡರು. ಹೊತ್ತು ಮುಳುಗಿದ ಮೇಲೆ ಇಬ್ಬರು ಹುಡುಗರನ್ನು ಕರೆದು, ನಾಲ್ಕು ಸೇರು ಜೋಳದ ಚೀಲವೊಂದನ್ನು ನಮ್ಮ ತಲೆಗೆ ಹೊರಿಸಿ, ಆ ಹಳ್ಳಿಯ ಆ ಮನೆಯ ಹಿತ್ತಲಲ್ಲಿ ಇಳಿಸಿ ಯಾರಿಗೂ ಹೇಳದೆ ಬನ್ನಿರೆಂದು ಕಳುಹಿಸಿದರು. ಆ ನಾಲ್ಕು ಸೇರನ್ನು ಅವರು ಪುಸ್ತಕದಲ್ಲಿ ಬರೆಯಲಿಲ್ಲ.